ಮಂಗಳವಾರ ತಿದ್ದಿದ ಪುಟ

“ಓದಿ ಮೇಡಂ. ಓದ್ಬಿಟ್ಟು ಆಮೇಲೆ ಹೇಳಿ, ನನ್ನ ತಮ್ಮನಿಗೆ ಅಕ್ಷರ ಬರುತ್ತೋ ಇಲ್ವೋ ಅಂತ.”

ಟೈಲರಕ್ಕ ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಪುಸ್ತಕ ಕುಕ್ಕಿದ ರಭಸಕ್ಕೆ ಪೆನ್ನಿನ ಡಬ್ಬಿ ಉರುಳಿ, ಪೆನ್ನುಗಳೆಲ್ಲ ನೆಲ ಕಂಡವು. ದಫೇದಾರ “ಅಯ್ಯಯ್ಯೋ, ನಿಧಾನ ತಾಯಿ” ಎನ್ನುತ್ತ ಬಗ್ಗಿ ಆರಿಸತೊಡಗಿದ.

ಪುಸ್ತಕ ಎಂದೆನಲ್ಲ, ಅಂಗಡಿಯಲ್ಲಿ ಸಿಗುವಂಥದ್ದಲ್ಲ ಅದು. ಪ್ರಿಂಟ್ ತೆಗೆದ ಹಾಳೆಗಳನ್ನು ಒಪ್ಪವಾಗಿ ಜೋಡಿಸಿ, ಬೆನ್ನಿಗೆ ದಪ್ಪ ದಾರದ ಹೊಲಿಗೆ ಹಾಕಿ, ಪ್ಯಾಂಟಿನ ಬಟ್ಟೆಯ ತುಂಡನ್ನೇ ರಟ್ಟಿಗೆ ಅಂಟಿಸಿ ಮಾಡಿದ್ದು. ಹೊಲಿಗೆ ಎಷ್ಟು ನೇರವಾಗಿತ್ತೆಂದರೆ ಅಳತೆಪಟ್ಟಿ ಇಟ್ಟು ನೋಡಿದರೂ ಕೂದಲೆಳೆಯ ವ್ಯತ್ಯಾಸ ಸಿಗುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಪುಸ್ತಕವನ್ನು ನೋಡಿದಳೇ ಹೊರತು ಅಕ್ಕನ ಮುಖವನ್ನು ನೋಡಲಿಲ್ಲ. ಅಕ್ಷರದ ಮಾತು ಯಾರದ್ದೆಂದು ಅವಳಿಗೆ ಗೊತ್ತಿತ್ತು. ಮಂಗಳವಾರ ಸಂಜೆ ಇದೇ ಕೋಣೆಯಲ್ಲಿ, ಇದೇ ಅಕ್ಕನ ಎದುರಿಗೆ, ಅವಳ ತಮ್ಮನಾದ ಆಸ್ಪತ್ರೆಯ ಪ್ರೋಗ್ರಾಮರನ್ನು ನಿಲ್ಲಿಸಿಕೊಂಡು ಅವಳೇ ಕೇಳಿದ್ದಳು: “ಕೈಪಿಡಿಯಲ್ಲಿ ಕನ್ನಡಿ ಹಿಡಿದ ಹಾಗೆ ಬರೆದಿದೆ. ಅಕ್ಷರ ಬರುತ್ತೇನಯ್ಯಾ ನಿನಗೆ?” ಸ್ಟೇಷನ್ನಿಗೆ ಸ್ಟೇಷನ್ನೇ ನಕ್ಕಿತ್ತು. ಪ್ರೋಗ್ರಾಮರ್ ತಲೆ ತಗ್ಗಿಸಿದವನು ಮತ್ತೆ ಎತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ, ಅವನು ಬರೆದ ಪ್ರೋಗ್ರಾಮು ಮಕ್ಕಳ ವಾರ್ಡಿನ ಆರು ವರ್ಷದ ಹುಡುಗಿಯೊಬ್ಬಳಿಗೆ ದೊಡ್ಡವರ ಡೋಸು ಬರೆದು ಚೀಟಿ ಕೊಟ್ಟಿತ್ತು. ನರ್ಸು ಚೀಟಿಯಲ್ಲಿದ್ದಷ್ಟನ್ನೂ ಕೊಟ್ಟಿದ್ದಳು. ಮಗು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

“ಇದೇನು ಪುಸ್ತಕ?” ಎಂದಳು ಇನ್ಸ್‌ಪೆಕ್ಟರ್.

“ಅವನು ಪ್ರೋಗ್ರಾಮು ಬರೆಯೋ ಕಂಪ್ಯೂಟರ್ ಭಾಷೆಯ ಕೈಪಿಡಿ. ಔಷಧದ ಕೋಣೆಯ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡಲ್ವಂತೆ, ರೂಲ್ಸು. ಅದಕ್ಕೆ ಬೇಕಾದ ಪುಟಗಳನ್ನೆಲ್ಲ ಮನೇಲಿ ಪ್ರಿಂಟ್ ತೆಗೀತಾನೆ. ನಾನು ಹೊಲಿದು ಕೊಡ್ತೀನಿ. ಇದು ಮೂರು ವರ್ಷದ ಹಿಂದಿಂದು. ಗುರುತಿಟ್ಟಿದೀನಿ, ಆ ಪುಟ ತೆಗೀರಿ.”

ಗುರುತಿಗೆ ಇಟ್ಟಿದ್ದು ಕೆಂಪು ಬಟ್ಟೆಯ ಚೂರು. ಇನ್ಸ್‌ಪೆಕ್ಟರ್ ಪುಟ ತೆಗೆದಳು. ತಲೆಬರಹ: ಇಂಪೋರ್ಟ್. ಕೆಳಗೆ ಎರಡು ಸಾಲು.

‘ಕೇಳಿದ ಹೆಸರಿನ ಕಡತವನ್ನು ಇಂಪೋರ್ಟ್ ಮೊದಲು ಪ್ರೋಗ್ರಾಮ್ ಇರುವ ಫೋಲ್ಡರಿನಲ್ಲೇ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಮಾತ್ರ ಸಾಮಾನ್ಯ ಭಂಡಾರಕ್ಕೆ ಹೋಗುತ್ತದೆ.’

ಇನ್ಸ್‌ಪೆಕ್ಟರ್ ಎರಡು ಸಲ ಓದಿದಳು.

“ನಂಗೆ ಕಂಪ್ಯೂಟರ್ ಗೊತ್ತಿಲ್ಲ ಮೇಡಂ,” ಅಕ್ಕನ ದನಿ ಸ್ವಲ್ಪ ತಗ್ಗಿತು. “ಅವನು ನಂಗೆ ಹೇಳಿದ್ದು ಹೀಗೆ. ‘ಅಕ್ಕಾ, ನೀನು ಬಿಳಿ ದಾರ ಕೊಡೇ ಅಂತ ಸಹಾಯಕಿಗೆ ಹೇಳ್ತೀಯ. ಅವಳು ಮೊದಲು ನಿನ್ನ ಮಿಷಿನ್ನಿನ ಡ್ರಾಯರ್ ನೋಡ್ತಾಳೆ. ಅಲ್ಲಿಲ್ಲ ಅಂದ್ರೆ ಅಂಗಡಿಯ ಬೀರು ತೆಗೀತಾಳೆ. ಇಂಪೋರ್ಟೂ ಅಷ್ಟೆ.’ ಮಕ್ಕಳ ವಾರ್ಡಿನ ಡೋಸ್ ಪಟ್ಟಿ ಅವನ ಡ್ರಾಯರಲ್ಲೇ ಇತ್ತು. ಬೀರುವಿನಲ್ಲಿರೋ ಅದೇ ಹೆಸರಿನ ದೊಡ್ಡವರ ಪಟ್ಟಿ ಹೇಗೆ ಬಂತು? ಅವನು ಬರೆದಿದ್ದು ಪುಸ್ತಕದಲ್ಲಿ ಇದ್ದ ಹಾಗೇ ಅಲ್ವಾ?”

‘ಕೈಪಿಡಿಯಲ್ಲಿ ಇದ್ದ ಹಾಗೇ ಬರೆದೆ.’ ಮೂರು ದಿನದಿಂದ ಪ್ರೋಗ್ರಾಮರ್ ಆಡಿದ್ದು ಇದೊಂದೇ ಮಾತು. ಬೇರೇನು ಕೇಳಿದರೂ ಬಾಯಿಗೆ ಬೀಗ.

ಇನ್ಸ್‌ಪೆಕ್ಟರ್ ಫೋನಿನಲ್ಲಿ ಅದೇ ಪುಟ ತೆರೆದು ಪುಸ್ತಕದ ಪಕ್ಕ ಇಟ್ಟಳು. ದಫೇದಾರ ಪೆನ್ನು ಆರಿಸುವುದನ್ನು ಬಿಟ್ಟು, ಕನ್ನಡಕ ಮೂಗಿನ ತುದಿಗೆ ಇಳಿಸಿ ಬಗ್ಗಿದ. ಫೋನಿನಲ್ಲಿದ್ದದ್ದು ಹೀಗೆ:

‘ಇಂಪೋರ್ಟ್ ಮೊದಲು ಸಾಮಾನ್ಯ ಭಂಡಾರದಲ್ಲಿ ಹುಡುಕುತ್ತದೆ. ಪಕ್ಕದ ಕಡತವೇ ಬೇಕೆಂದರೆ ಹೆಸರಿನ ಮುಂದೆ ಚುಕ್ಕಿ ಇಟ್ಟು ಕೇಳಬೇಕು.’

“ಇದೇನ್ರೀ ಮೇಡಂ, ಪೂರಾ ತಿರುಗುಮುರುಗು!” ಎಂದ ದಫೇದಾರ. “ಅಲ್ಲಿ ಡ್ರಾಯರು ಮೊದಲು, ಇಲ್ಲಿ ಬೀರು ಮೊದಲು.”

ಇನ್ಸ್‌ಪೆಕ್ಟರ್ ಹೆಬ್ಬೆರಳಿನಿಂದ ಪುಟವನ್ನು ಕೆಳಗೆ ಸರಿಸಿದಳು. ಇನ್ನೂ ಕೆಳಗೆ. ಮಂಗಳವಾರ ಅವಳು ಮೇಲಿನ ಎರಡು ಸಾಲು ಓದಿ, ಗೆದ್ದೆ ಎಂದುಕೊಂಡು ಫೋನು ಮುಚ್ಚಿದ್ದಳು. ಪುಟದ ತೀರಾ ಬುಡದಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಇತ್ತು: ಕೊನೆಯ ತಿದ್ದುಪಡಿ, ಮಂಗಳವಾರ, ಬೆಳಿಗ್ಗೆ ೮:೫೨.

ಮಗುವಿಗೆ ಔಷಧ ಕೊಟ್ಟದ್ದು ಸೋಮವಾರ. ಪುಟ ಬದಲಾದದ್ದು ಮಾರನೆಯ ದಿನ.

“ಬುಡದವರೆಗೂ ನೋಡಿರಲಿಲ್ವಾ ಮೇಡಂ?” ದಫೇದಾರ ಮೆಲ್ಲಗೆ ಕೇಳಿದ. ಅವನಿಗೆ ನಿವೃತ್ತಿಗೆ ಎಂಟು ತಿಂಗಳಿತ್ತು. ಹಾಗಾಗಿ ಕೇಳಬಾರದ್ದನ್ನು ಕೇಳುವ ಧೈರ್ಯವೂ ಇತ್ತು.

“ಇಲ್ಲ ದಫೇದಾರ್ರೇ. ನೋಡಿರಲಿಲ್ಲ.”

ಇಪ್ಪತ್ತೆರಡು ವರ್ಷದ ಸರ್ವಿಸು. ಕಾಗದ ಯಾವುದೇ ಬರಲಿ, ಮೊದಲು ತಾರೀಕು ನೋಡಿ ಎಂದು ಹೊಸಬರಿಗೆ ಪಾಠ ಹೇಳುವವಳು ಅವಳು. ಆಸ್ಪತ್ರೆಯ ಕಂಪ್ಯೂಟರ್ ಮುಖ್ಯಸ್ಥ ದೂರು ಕೊಡಲು ಬಂದವನು, ‘ಪ್ರಮೋಶನ್ ತಪ್ಪಿದ ಸಿಟ್ಟಿಗೆ ಬೇಕಂತಲೇ ಮಾಡಿದಾನೆ ಮೇಡಂ, ಕೈಪಿಡಿ ನೋಡಿ ಬೇಕಾದರೆ’ ಎಂದಾಗ, ಎರಡು ಸಾಲಿಗೇ ಕುಣಿದುಬಿಟ್ಟಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ನೀವು ಅಂಗಡಿಗೆ ಹೋಗಿರಿ,” ಎಂದಳು ಅಕ್ಕನಿಗೆ. “ನಾನೇ ಫೋನ್ ಮಾಡ್ತೀನಿ.”

“ಅವನಿಗೊಂದು ಶರ್ಟು ತಂದಿದೀನಿ.”

“ದಫೇದಾರ್ರು ಕೊಡ್ತಾರೆ. ಪುಸ್ತಕ ಇಲ್ಲಿರಲಿ.”

ಅಕ್ಕ ಹೋದ ಮೇಲೆ ದಫೇದಾರ ಕುರ್ಚಿ ಎಳೆದುಕೊಂಡ. “ನಂಗೇನೋ ಆ ಕಂಪ್ಯೂಟರ್ ಮುಖ್ಯಸ್ಥನ ಮೇಲೇ ಕಣ್ಣು ಮೇಡಂ. ಹೋದ ತಿಂಗಳು ಆಸ್ಪತ್ರೆಗೆ ಆ ಭಾಷೆಯ ಹೊಸ ಆವೃತ್ತಿ ಹಾಕಿಸಿದ್ದು ಆತ. ಹಳೇದರಲ್ಲಿ ಡ್ರಾಯರು ಮೊದಲು, ಹೊಸದರಲ್ಲಿ ಬೀರು ಮೊದಲು ಆಗಿರಬೇಕು. ತಪ್ಪು ತನ್ನ ತಲೆಗೆ ಬರುತ್ತೆ ಅಂತ ಕೈಪಿಡೀನೂ ಆತನೇ ತಿದ್ದಿದ್ರೆ?”

ಇನ್ಸ್‌ಪೆಕ್ಟರ್ ‘ಹಳೆಯ ರೂಪಗಳು’ ಎಂಬ ಗುಂಡಿ ಒತ್ತಿದಳು. ಮಂಗಳವಾರದ ತಿದ್ದುಪಡಿಯ ಎದುರು ತಿದ್ದಿದವರು ಯಾರೆಂದಿತ್ತು: ಕೈಪಿಡಿ ವಿಭಾಗ. ಅದರ ಮುಂದೆ ಕಾರಣ: ‘ಅಕ್ಷರ ದೋಷ ಸರಿಪಡಿಸಿದೆ.’

“ಅಕ್ಷರ ದೋಷ!” ದಫೇದಾರನಿಗೆ ನಗು ಬಂತು, ಅರ್ಧಕ್ಕೇ ನಿಂತಿತು. “ಎರಡು ಸಾಲಿಗೆ ಎರಡು ಸಾಲೂ ಬುಡಮೇಲು ಮಾಡಿ ಅಕ್ಷರ ದೋಷ ಅಂತಾರಲ್ಲ!”

“ವಿಳಾಸ ಹುಡುಕಿ,” ಎಂದು ಇನ್ಸ್‌ಪೆಕ್ಟರ್ ಟೋಪಿ ತೆಗೆದುಕೊಂಡಳು.

ಆ ಕಂಪ್ಯೂಟರ್ ಭಾಷೆಯನ್ನೂ ಅದರ ಕೈಪಿಡಿಯನ್ನೂ ನೋಡಿಕೊಳ್ಳುವ ಸಂಸ್ಥೆ ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಸಾವಿರಾರು ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರಿನಲ್ಲಿ ಕೂತಿರುವ ಭಾಷೆ. ಅದನ್ನು ಕಾಯುವವರು ಐದೇ ಜನ. ಅವರಲ್ಲಿ ನಾಲ್ವರು ಭಾಷೆಯನ್ನು ಬದಲಾಯಿಸುವವರು, ಒಬ್ಬರು ಬದಲಾದದ್ದನ್ನು ಬರೆದಿಡುವವರು. ಬರೆದಿಡುವವರ ಮೇಜು ಕಕ್ಕಸಿನ ಬಾಗಿಲ ಪಕ್ಕ ಇತ್ತು ಎಂದರೆ ಸಾಕು, ಮರ್ಯಾದೆ ಎಷ್ಟೆಂದು ಗೊತ್ತಾಗುತ್ತದೆ.

ಆ ಮೇಜಿನ ಹಿಂದೆ ಕೂತಿದ್ದ ಹಿರಿಯರನ್ನು ಅಲ್ಲಿ ಎಲ್ಲರೂ ‘ಪೂರ್ಣವಿರಾಮ’ ಎಂದೇ ಕರೆಯುತ್ತಿದ್ದರು. ಯಾವ ಚರ್ಚೆ ಶುರುವಾದರೂ ‘ಇಲ್ಲಿಗೆ ಮುಗಿಸೋಣ’ ಎನ್ನುವುದು ಅವರ ಅಭ್ಯಾಸ. ಮೊದಲು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದರಂತೆ. ಇಸ್ತ್ರಿ ಮಾಡಿದ ತುಂಬುತೋಳಿನ ಶರ್ಟು, ಜೇಬಿನಲ್ಲಿ ಕೆಂಪು ಪೆನ್ನು.

ಇನ್ಸ್‌ಪೆಕ್ಟರನ್ನು ಕಂಡದ್ದೇ ಅವರು ಎದ್ದು ನಿಂತರು. ಏನು ವಿಷಯ ಎಂದು ಕೇಳಲಿಲ್ಲ. ಇಂಥವರನ್ನು ಇನ್ಸ್‌ಪೆಕ್ಟರ್ ಬಹಳ ನೋಡಿದ್ದಳು. ಕಾಯುತ್ತ ಕೂತವರು ಕಾರಣ ಕೇಳುವುದಿಲ್ಲ.

“ಇಂಪೋರ್ಟ್ ಪುಟ,” ಎಂದಳು.

“ನಾನೇ ತಿದ್ದಿದ್ದು ಮೇಡಂ.”

“ಯಾಕೆ?”

“ತಪ್ಪಿತ್ತು. ತಪ್ಪಿದ್ರೆ ತಿದ್ದೋದು ನನ್ನ ಕೆಲಸ.”

“ಎಷ್ಟು ದಿನದಿಂದ ತಪ್ಪಿತ್ತು?”

ಪೂರ್ಣವಿರಾಮ ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. “ಹೊಸ ಆವೃತ್ತಿ ಬಂದು ನಾಲ್ಕು ವರ್ಷ. ಆವಾಗಲೇ ಇಂಪೋರ್ಟ್ ಹುಡುಕೋ ಕ್ರಮ ಬದಲಾಯ್ತು. ನಮ್ಮವರು ಬದಲಾಯಿಸಿದ್ರು, ನಂಗೆ ಹೇಳಿದ್ರು. ಆ ವಾರ ಮುನ್ನೂರು ಪುಟ ತಿದ್ದೋದಿತ್ತು. ಇದೊಂದು ಉಳ್ಕೊಂಡ್ಬಿಡ್ತು.”

“ನಾಲ್ಕು ವರ್ಷ ಕಣ್ಣಿಗೆ ಬೀಳದ್ದು ಮಂಗಳವಾರ ಬೆಳಿಗ್ಗೆ ಎಂಟು ಐವತ್ತೆರಡಕ್ಕೇ ಬಿತ್ತಾ?”

ಪಕ್ಕದ ಮೇಜಿನವರು ಟೈಪ್ ಮಾಡುವುದನ್ನು ನಿಲ್ಲಿಸಿದ್ದರು. ಇನ್ಸ್‌ಪೆಕ್ಟರ್ ಅವರ ಕಡೆ ಒಮ್ಮೆ ನೋಡಿದಳು. ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು.

“ಅವತ್ತು ಬೆಳಿಗ್ಗೆ ಪೇಪರಿನಲ್ಲಿ ಓದಿದೆ,” ಪೂರ್ಣವಿರಾಮ ಹೇಳಿದರು. “ಮಕ್ಕಳ ಪಟ್ಟಿ ಇರಬೇಕಾದ ಕಡೆ ದೊಡ್ಡವರ ಪಟ್ಟಿ ಬಂದಿತ್ತು ಅಂತ. ಓದ್ತಿದ್ದ ಹಾಗೇ ಗೊತ್ತಾಯ್ತು. ಟೀ ಲೋಟ ಅಲ್ಲೇ ಇಟ್ಟು ಇಲ್ಲಿಗೆ ಬಂದೆ. ಇನ್ನೊಂದು ಮಗೂಗೆ ಹೀಗಾಗಬಾರದು ಅಂತ ತಿದ್ದಿದೆ. ದೇವರಾಣೆಗೂ ಅದಕ್ಕೇ ತಿದ್ದಿದ್ದು.”

“ಹಾಗಾದ್ರೆ ಕಾರಣ ಅಂತ ಇರೋ ಕಡೆ ಅಕ್ಷರ ದೋಷ ಅಂತ ಯಾಕೆ ಬರೆದ್ರಿ?”

ಅವರು ಕೂತುಬಿಟ್ಟರು. ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತರು.

ಇಲ್ಲಿ ಒಂದು ಮಾತು ಹೇಳಬೇಕು. ಕೈಪಿಡಿ ತಿದ್ದುವವರಲ್ಲಿ ಒಂದು ಕಟ್ಟುನಿಟ್ಟಿದೆ. ಅಲ್ಪವಿರಾಮ ಕದಲಿಸಿದರೂ ಯಾಕೆ ಎಂದು ಬರೆಯಬೇಕು. ಅರ್ಥ ಬದಲಾದರೆ ಪುಟದ ನೆತ್ತಿಯಲ್ಲೇ ಎಚ್ಚರಿಕೆ ಹಾಕಬೇಕು, ಹಿಂದೆ ಹೀಗಿತ್ತು, ಈಗ ಹೀಗಿದೆ ಎಂದು. ಅಕ್ಷರ ದೋಷ ಎಂದು ಬರೆದರೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ, ಯಾರಿಗೂ ಸುದ್ದಿ ಹೋಗುವುದಿಲ್ಲ. ಮೂವತ್ತೈದು ವರ್ಷ ಇನ್ನೊಬ್ಬರ ತಪ್ಪಿಗೆ ಕೆಂಪು ಗೆರೆ ಎಳೆದ ಕೈ ತನ್ನ ತಪ್ಪಿನ ಸರದಿ ಬಂದಾಗ ಆ ಸಂದಿಯಲ್ಲಿ ನುಸುಳಿತ್ತು.

“ನಾಚಿಕೆ ಆಯ್ತು ಮೇಡಂ,” ಎಂದರು ಪೂರ್ಣವಿರಾಮ. “ಬೇರೆ ಏನೂ ಇಲ್ಲ. ನಾಚಿಕೆ.”

“ನಿಮ್ಮ ನಾಚಿಕೆಗೆ ಒಬ್ಬ ಮೂರು ದಿನದಿಂದ ಲಾಕಪ್ಪಿನಲ್ಲಿದಾನೆ, ಗೊತ್ತಾ?”

“ಬುಧವಾರದ ಪೇಪರಿನಲ್ಲಿತ್ತು. ‘ಆಸ್ಪತ್ರೆಯ ಪ್ರೋಗ್ರಾಮರ್ ಬಂಧನ, ಕೈಪಿಡಿಯಲ್ಲಿದ್ದರೂ ಬೇಕೆಂದೇ ಕಡೆಗಣಿಸಿದ’ ಅಂತ. ಆ ಹುಡುಗ ಯಾರೋ, ಯಾರ ಮಗನೋ. ನಿಮ್ಮ ಸ್ಟೇಷನ್ನಿಗೆ ಫೋನ್ ಮಾಡೋಣ ಅಂತ ನಂಬರ್ ಒತ್ತಿದೆ. ಮೂರು ಸಲ ಒತ್ತಿದೆ. ‘ಹಲೋ’ ಅಂದ ತಕ್ಷಣ ಇಟ್ಟೆ.”

ಬುಧವಾರ ಮೂರು ಸಲ ಬಂದ ಮೂಕ ಫೋನು ಇನ್ಸ್‌ಪೆಕ್ಟರಿಗೆ ನೆನಪಿತ್ತು. ಮೂರನೆಯ ಸಲ ಅವಳೇ ಎತ್ತಿ, ‘ಯಾವನೋ ಕೆಲಸವಿಲ್ಲದವನು’ ಎಂದು ಬೈದಿದ್ದಳು.

ಈಗ ಬೈಯಲು ಬಾಯಿ ಬರಲಿಲ್ಲ. ಬೈದರೆ ಯಾರಿಗೆ ಬೈಯಬೇಕು? ಇವರು ಪುಟವನ್ನು ತಿದ್ದಿ ಸುಮ್ಮನಾದರು, ತಾನು ಆ ಪುಟವನ್ನೇ ಓದಿ ಒಬ್ಬನ ಮಾನ ಹರಾಜು ಹಾಕಿದಳು. ಅಕ್ಷರ ಬರುತ್ತೇನಯ್ಯಾ ನಿನಗೆ ಎಂಬ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು.

“ಇದನ್ನೆಲ್ಲ ಬರೆದು ಸಹಿ ಹಾಕಿ ಕೊಡಿ,” ಎಂದಳು. “ನಿಮ್ಮ ಕೈಯಾರೆ.”

ಪೂರ್ಣವಿರಾಮ ತಲೆಯಾಡಿಸಿ ಹಾಳೆ ಎಳೆದುಕೊಂಡರು. ಅವರು ಬರೆಯುತ್ತಿರುವಾಗ ಇನ್ಸ್‌ಪೆಕ್ಟರ್ ಕಿಟಕಿಯ ಹತ್ತಿರ ಹೋಗಿ ದಫೇದಾರನಿಗೆ ಫೋನ್ ಮಾಡಿದಳು.

“ಬಿಡುಗಡೆ ಕಾಗದ ರೆಡಿ ಮಾಡಿ. ಮೇಲಿನವರಿಗೆ ನಾನು ಹೇಳ್ತೀನಿ.”

“ಹಾಗಾದ್ರೆ ನಮ್ಮದೇ ಮುಖಕ್ಕೆ ಮಸಿ ಅಂತೀರಿ?”

“ಮುಖ ನಂದು. ಕಾಗದ ರೆಡಿ ಮಾಡಿ.”

ಇನ್ನೊಂದು ಫೋನು ಕಷ್ಟದ್ದಿತ್ತು. ಟೈಲರಕ್ಕನ ಅಂಗಡಿಯಲ್ಲಿ ಮಿಷಿನ್ನಿನ ಸದ್ದು ಕೇಳುತ್ತಿತ್ತು.

“ನಾನು, ಇನ್ಸ್‌ಪೆಕ್ಟರ್. ನಿಮ್ಮ ಪುಸ್ತಕ ಸರಿ ಇದೆ. ಪುಟ ಆಮೇಲೆ ತಿದ್ದಿದಾರೆ. ನಿಮ್ಮ ತಮ್ಮನ್ನ ಕರ್ಕೊಂಡು ಹೋಗೋಕೆ ಬನ್ನಿ.”

ಮಿಷಿನ್ನು ನಿಂತಿತು.

“ಮತ್ತೆ... ಅವತ್ತು ನಾನು ಆಡಿದ ಮಾತು ತಪ್ಪು. ಕ್ಷಮಿಸಿ.”

ಆ ಕಡೆ ಮೂಗು ಒರೆಸಿಕೊಂಡ ಸದ್ದು. “ಅವನಿಗೂ ಹೇಳ್ತೀರಾ ಮೇಡಂ? ಅವತ್ತು ನಕ್ಕೋರೆಲ್ಲ ಇರೋವಾಗ?”

“ಎಲ್ಲರ ಎದುರಿಗೇ ಹೇಳ್ತೀನಿ.”

ಫೋನು ಇಟ್ಟಾಗ ಇನ್ಸ್‌ಪೆಕ್ಟರಿಗೆ ಮೂರು ದಿನದಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ನಾಚಿಕೆ ಹೋಗಿರಲಿಲ್ಲ, ಆದರೆ ಹೊರುವಷ್ಟಾಗಿತ್ತು.

ಪೂರ್ಣವಿರಾಮ ಹಾಳೆ ಕೊಟ್ಟರು. ಅಚ್ಚು ಹೊಡೆದಂಥ ಅಕ್ಷರ, ಎಲ್ಲೂ ಚಿತ್ತಿಲ್ಲ. ಆಕೆ ಮಡಚಿ ಜೇಬಿಗಿಟ್ಟು ಹೊರಡುವಷ್ಟರಲ್ಲಿ ಅವರು ಹಿಂದಿನಿಂದ ಕರೆದರು.

“ಮೇಡಂ. ಇನ್ನೊಂದಿದೆ.”

“ಏನು?”

“ಎಲ್ಲ ಹೇಳಿದೆ ಅಂತ ಸಹಿ ಹಾಕಿದೀನಿ. ಇದನ್ನ ಹೇಳದೆ ಇದ್ರೆ ಆ ಸಹಿನೂ ಸುಳ್ಳಾಗುತ್ತೆ.” ಅವರ ಕುತ್ತಿಗೆ ಕೆಂಪಾಗಿತ್ತು. “ಈ ತಪ್ಪು ನಂಗೆ ಮಂಗಳವಾರ ಮೊದಲ ಸಲ ಗೊತ್ತಾಗಿದ್ದಲ್ಲ. ಎರಡು ವರ್ಷದ ಹಿಂದೆ ಒಬ್ಬರು ಬರೆದು ತಿಳಿಸಿದ್ರು. ಓದುಗರು ತಪ್ಪು ಕಂಡ್ರೆ ಕಳಿಸೋ ಟಿಪ್ಪಣಿ ಇರುತ್ತೆ. ದಿನಕ್ಕೆ ನಲವತ್ತು ಬರುತ್ತೆ. ನಾನು... ಪೂರ್ತಿ ಓದಲಿಲ್ಲ.”

“ತೋರ್ಸಿ.”

ಅವರು ಕಂಪ್ಯೂಟರಿನ ಮುಂದೆ ಕೂತು ಮುಗಿದ ಟಿಪ್ಪಣಿಗಳ ರಾಶಿಯೊಳಗೆ ಹುಡುಕಿದರು. ಸಿಕ್ಕಿದ್ದನ್ನು ಅವಳಿಗೆ ತೋರಿಸುವ ಬದಲು ತಾವೇ ಓದಿದರು. ಓದುವಾಗ ದನಿ ಎರಡು ಕಡೆ ಒಡೆಯಿತು.

“ ‘ಮಾನ್ಯರೇ, ಇಂಪೋರ್ಟ್ ಬಗ್ಗೆ ನೀವು ಬರೆದಿರುವುದು ಹಳೆಯ ಆವೃತ್ತಿಗೆ ಮಾತ್ರ ಸರಿ. ಹೊಸದರಲ್ಲಿ ಅದು ಮೊದಲು ಸಾಮಾನ್ಯ ಭಂಡಾರಕ್ಕೆ ಹೋಗುತ್ತದೆ. ನಾನೇ ಹಾಕಿ ನೋಡಿದೆ, ಹತ್ತು ಸಲವೂ ಹಾಗೇ ಆಯಿತು. ಒಂದೇ ಹೆಸರಿನ ಎರಡು ಪಟ್ಟಿ ಇರುವ ಕಡೆ ಇದು ಅಪಾಯ. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಮಕ್ಕಳ ಡೋಸು, ದೊಡ್ಡವರ ಡೋಸು, ಎರಡಕ್ಕೂ ಹೆಸರು ಒಂದೇ. ಈ ಪುಟವನ್ನು ನಂಬಿ ಯಾರಾದರೂ ಹೊಸ ಆವೃತ್ತಿಗೆ ಹೋದರೆ ಜೀವಕ್ಕೇ ಕುತ್ತು. ದಯವಿಟ್ಟು ಬೇಗ ತಿದ್ದಿ.’ ”

“ನಿಮ್ಮ ಉತ್ತರ?”

“ ‘ಗಮನಿಸಲಾಗಿದೆ. ಇಲ್ಲಿಗೆ ಮುಗಿಸಲಾಗಿದೆ.’ ” ಪೂರ್ಣವಿರಾಮ ಅಂಗೈಯಿಂದ ಮುಖ ಮುಚ್ಚಿಕೊಂಡರು. “ಒಂದು ನಿಮಿಷ ಓದಿದ್ರೆ ಸಾಕಿತ್ತು ಮೇಡಂ. ಒಂದೇ ನಿಮಿಷ.”

ಅವರ ಅಳು ಇನ್ಸ್‌ಪೆಕ್ಟರ್ ಕಿವಿಗೆ ಬೀಳಲಿಲ್ಲ. ಅವಳ ತಲೆ ಓಡತೊಡಗಿತ್ತು. ಆಸ್ಪತ್ರೆಯವನು. ಎರಡು ವರ್ಷದ ಹಿಂದೆಯೇ ಎಲ್ಲ ಗೊತ್ತಿದ್ದವನು. ಹತ್ತು ಸಲ ಹಾಕಿ ನೋಡಿದವನು. ಗೊತ್ತಿದ್ದೂ ಹೋದ ತಿಂಗಳು ಹೊಸ ಆವೃತ್ತಿ ಹಾಕಿಸಿ, ಗೊತ್ತಿದ್ದೂ ದೂರು ಕೊಡಲು ಬಂದು ಎದುರಿಗೆ ಕೂತವನು! ದಫೇದಾರನ ಊಹೆ ಸರಿಯಾಗಿತ್ತು. ಕಂಪ್ಯೂಟರ್ ಮುಖ್ಯಸ್ಥನ ಕುತ್ತಿಗೆಪಟ್ಟಿ ಕೈಗೆ ಸಿಕ್ಕಂತೆಯೇ ಆಯಿತು.

“ಕಳಿಸಿದವರ ಹೆಸರಿದೆಯಾ?”

“ಇದೆ. ಕೆಳಗಡೆ ಇದೆ. ಹೆಸರು, ವಿಭಾಗ, ಎಲ್ಲ. ಪಾಪ, ಎಷ್ಟು ಕಾಳಜಿಯಿಂದ ಬರೆದಿದಾರೆ. ಸಿಕ್ರೆ ಕಾಲು ಹಿಡೀತೀನಿ.”

ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು.

ಇನ್ಸ್‌ಪೆಕ್ಟರ್ ಬಗ್ಗಿ ಓದಿದಳು. ಈ ಸಲ ಬುಡದವರೆಗೂ ಓದಿದಳು, ತಾರೀಕನ್ನೂ ಓದಿದಳು. ಆಮೇಲೆ ಹೆಸರನ್ನು ಇನ್ನೊಮ್ಮೆ ಓದಿದಳು.

ಅದು ಕಂಪ್ಯೂಟರ್ ಮುಖ್ಯಸ್ಥನ ಹೆಸರಲ್ಲ. ಮಂಗಳವಾರ ಸಂಜೆ ಲಾಕಪ್ಪಿನ ರಿಜಿಸ್ಟರಿನಲ್ಲಿ ಅವಳೇ ಕೈಯಾರೆ ಬರೆದ ಹೆಸರು.

‘ಕೈಪಿಡಿಯಲ್ಲಿ ಇದ್ದ ಹಾಗೇ ಬರೆದೆ’ ಎಂದಿದ್ದ. ಕೈಪಿಡಿ ತಪ್ಪೆಂದು ಇಡೀ ಜಗತ್ತಿನಲ್ಲಿ ಮೊದಲು ಕಂಡುಹಿಡಿದವನೇ ಅವನು. ಗೊತ್ತಿದ್ದೂ ಹೊಸ ಆವೃತ್ತಿ ಬಂದಾಗ ಹೆಸರಿನ ಮುಂದೆ ಆ ಚುಕ್ಕಿ ಇಟ್ಟಿರಲಿಲ್ಲ.

“ಗೊತ್ತಿರೋರಾ ಮೇಡಂ?” ಪೂರ್ಣವಿರಾಮ ಕಣ್ಣೊರೆಸಿಕೊಳ್ಳುತ್ತ ಕೇಳಿದರು. ಇನ್ಸ್‌ಪೆಕ್ಟರ್ ಮನಸ್ಸಿನಲ್ಲಿ ಈಗಷ್ಟೇ ಅಕ್ಕನಿಗೆ ಆಡಿದ ಮಾತು, ಕೊಟ್ಟ ಭಾಷೆ, ಎಲ್ಲ ಒಟ್ಟಿಗೆ ಎದ್ದು ಬಂದವು. ಮಂಗಳವಾರ ಎರಡು ಸಾಲು ಓದಿ ಬಂಧಿಸಿದಳು. ಇವತ್ತು ಎರಡು ಸಾಲು ಓದಿ ಬಿಡಿಸಿದಳು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ದಫೇದಾರ.

“ಮೇಡಂ, ಅವರಕ್ಕ ಮಿಷಿನ್ನಿನ ಮುಂದಿಂದ ಎದ್ದು ಹಾಗೇ ಓಡಿ ಬಂದಿದಾರೆ, ಕುತ್ತಿಗೇಲಿ ಅಳತೆ ಟೇಪು ಕೂಡ ತೆಗೆದಿಲ್ಲ. ಕಾಗದ ರೆಡಿ. ಬೀಗನೂ ತೆಗೆದೆ.”

“ದಫೇದಾರ್ರೇ, ಸ್ವಲ್ಪ ತಡೀರಿ...”

“ನಾನು ತಡೆಯೋ ಪ್ರಶ್ನೆನೇ ಇಲ್ಲ ಮೇಡಂ. ಆತನೇ ಹೊರಗೆ ಬರ್ತಿಲ್ಲ. ಬಾಗಿಲು ತೆಗೆದಿದ್ರೂ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದಾನೆ. ‘ಅಕ್ಕನಿಗೆ ತೋರಿಸೋ ಮುಖ ನಂಗಿಲ್ಲ, ಬೀಗ ಹಾಕ್ಬಿಡಿ’ ಅಂತಾನೆ. ಮೂರು ದಿನದಲ್ಲಿ ಇಷ್ಟುದ್ದ ಮಾತಾಡಿದ್ದು ಇದೇ ಮೊದಲು.” ದಫೇದಾರ ದನಿ ತಗ್ಗಿಸಿದ. “ಅಕ್ಕ ಇಲ್ಲೇ ನಿಂತಿದಾರೆ. ತಮ್ಮ ಯಾಕೆ ಬರ್ತಿಲ್ಲ ಅಂತ ಕೇಳ್ತಿದಾರೆ. ಏನು ಹೇಳ್ಲಿ ಮೇಡಂ?”